ಮಾದಪ್ಪ ಅಂದೆ, ಸುಮ್ಮನಾದೆ

ಹೋದ ಡಿಸೆಂಬರ್‌ನಲ್ಲಿ ನಾನೊಬ್ಬಳೇ ದುಬೈಗೆ ಹೋಗಿ ಬಂದದ್ದು ನಿಮಗೆಲ್ಲ ಗೊತ್ತು. ಫೋಟೋ ನೋಡಿದ ತಂಗಿಯರು ಸುಮಾರು ಜನ ಇನ್‌ಬಾಕ್ಸಿಗೆ ಬಂದು ಒಂದೇ ಪ್ರಶ್ನೆ ಕೇಳಿದ್ರು: "ಅಕ್ಕ, ಒಬ್ರೇ ಹೋದ್ರೆ ಬೇಜಾರಾಗಲ್ವಾ? ಮಾತಾಡೋಕೆ ಜನ ಎಲ್ಲಿ ಸಿಕ್ತಾರೆ?" ಉತ್ತರ ಕೊಡೋಕೆ ಎರಡು ತಿಂಗಳು ತಗೊಂಡೆ. ಯಾಕಂದ್ರೆ ನಿಜ ಹೇಳಿದ್ರೆ ನನ್ನ ಮರ್ಯಾದೆಯೂ ಸ್ವಲ್ಪ ಹೋಗುತ್ತೆ.

ನಾನು ಎಫ್‌ಡಿಎ. ನಾಲ್ಕು ವರ್ಷ ಚೀಟಿ ಹಾಕಿ ಕೂಡಿಟ್ಟ ದುಡ್ಡು, ಇಲಾಖೆಯ ಅನುಮತಿ ಪತ್ರಕ್ಕೆ ಮೂರು ಟೇಬಲ್ ಸುತ್ತಾಟ, ಏಳು ದಿನದ ರಜೆ. ನಮ್ಮ ಕೇರಿಯಿಂದ ವಿಮಾನ ಹತ್ತಿದ ಮೊದಲ ಹೆಂಗಸು ನಾನೇ ಇರಬೇಕು.

ಮೊದಲೆರಡು ದಿನ ಕಟ್ಟಡ ನೋಡೋದರಲ್ಲೇ ಕಳೀತು. ಮೂರನೇ ದಿನ ನಾಲಿಗೆ ಕೆರೆಯೋಕೆ ಶುರುವಾಯ್ತು. ಫೋನಿನಲ್ಲಿ ಹುಡುಕಿ ಮರೀನಾ ಕಡೆ ಒಂದು ಕಾಫಿ ಅಂಗಡಿಯಲ್ಲಿ ನಡೆಯೋ ಕೂಟಕ್ಕೆ ಹೋದೆ. ಬೇರೆ ಬೇರೆ ದೇಶದಿಂದ ಬಂದು ಕೆಲಸ ಮಾಡೋರು ವಾರಕ್ಕೊಮ್ಮೆ ಸೇರಿ ಹರಟೆ ಹೊಡೀತಾರೆ. ಅವರು ತಮ್ಮನ್ನ 'ಎಕ್ಸ್‌ಪ್ಯಾಟ್' ಅಂತ ಕರ್ಕೋತಾರೆ. ಇಲ್ಲೊಂದು ಮಾತು. ಆ ದೇಶದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಹೊರಗಿನೋರೇ. ಆದ್ರೆ ಮರೀನಾದಲ್ಲಿ ಕೂತೋನು ಎಕ್ಸ್‌ಪ್ಯಾಟ್, ಸೋನಾಪುರದ ಕ್ಯಾಂಪಲ್ಲಿ ಒಂದೇ ಕೋಣೆಗೆ ಎಷ್ಟೋ ಜನ ಮಲಗೋನು ಲೇಬರ್. ಇಬ್ಬರೂ ಹೊಟ್ಟೆಪಾಡಿಗೆ ವಿಮಾನ ಹತ್ತಿ ಬಂದೋರೇ. ಹೆಸರಿಡೋದರಲ್ಲೇ ಮೇಲು ಕೀಳು ಮಾಡೋ ವಿದ್ಯೆ ನಮ್ಮ ದೇಶದ್ದು ಮಾತ್ರ ಅಲ್ಲ ಅಂತ ಅವತ್ತು ಅನ್ನಿಸ್ತು.

ಇರಲಿ, ಕೂಟ ಚೆನ್ನಾಗಿತ್ತು. ಒಬ್ಬ ಐರಿಷ್ ಟೀಚರಮ್ಮ ಕೇಳಿದ್ರು, "ನೀವು ಇಂಡಿಯನ್, ಹಾಗಾದ್ರೆ ವೆಜಿಟೇರಿಯನ್ ಅಲ್ವಾ?" "ಇಲ್ಲಮ್ಮ, ನಾನು ದನದ ಮಾಂಸಾನೂ ತಿಂತೀನಿ" ಅಂದೆ. ಯಾಕೆ ಅಂತ ಕೇಳಿದ್ರು. ನನಗೆ ಬರೋ ಮುರುಕು ಇಂಗ್ಲಿಷಲ್ಲಿ ಕೇರಿ ಅಂದ್ರೇನು, ಬಾವಿ ಅಂದ್ರೇನು, ಬಾಬಾಸಾಹೇಬರು ಅಂದ್ರೆ ಯಾರು ಅಂತ ಅರ್ಧ ಗಂಟೆ ಹೇಳಿದೆ. ಎದೆ ಉಬ್ಬಿಸಿಕೊಂಡು ರೂಮಿಗೆ ಬಂದೆ.

ಮಾರನೇ ದಿನ ಸಂಜೆ ನಿಜವಾದ ಪರೀಕ್ಷೆ ಇತ್ತು.

ಪರಿಚಯದವರೊಬ್ಬರು ಕೊಟ್ಟ ನಂಬರ್ ಹಿಡಿದು ಕರಾಮದಲ್ಲಿ ಒಂದು ಕನ್ನಡಿಗರ ಮನೆಗೆ ಹೋದೆ. ಹತ್ತು ಹನ್ನೆರಡು ಜನ ಸೇರಿದ್ರು. ಬಿಸಿಬೇಳೆಬಾತು, ಮೊಸರನ್ನ, ಕನ್ನಡದ ಮಾತು. ಸುಳ್ಳು ಹೇಳಲ್ಲ, ಕಣ್ಣಲ್ಲಿ ನೀರೇ ಬಂತು. ಆ ಮನೆಯ ಹಿರಿಯ ಹೆಂಗಸು ಪಕ್ಕದಲ್ಲಿ ಕೂತು ಕೈ ಹಿಡ್ಕೊಂಡು ಕೇಳಿದ್ರು:

"ಯಾವ ಕಡೆಯೋರಮ್ಮ ನೀವು?"

"ಚಾಮರಾಜನಗರ ಕಡೆ."

"ಮನೆದೇವ್ರು ಯಾವ್ದು?"

"ಮಾದಪ್ಪ."

"ಅಯ್ಯೋ, ಹಂಗಾದ್ರೆ ನಮ್ಮೋರೇ!" ಅಂತ ತಬ್ಕೊಂಡು ಇನ್ನೊಂದು ಸೌಟು ಬಡಿಸಿದ್ರು.

ನಾನು ಸುಮ್ಮನಾದೆ.

ನಾನು ಹೇಳಿದ್ದು ಸುಳ್ಳಲ್ಲ. ಮಾದಪ್ಪ ನಮ್ಮಮ್ಮನ ಮನೆದೇವ್ರೇ. ಶ್ರವಣನ್ನ ಕೊಲ್ಲೋಕೆ ಮಾದಪ್ಪನಿಗೆ ಚಮ್ಮಾವುಗೆ ಹೊಲಿದುಕೊಟ್ಟೋನು ನಮ್ಮ ಹರಳಯ್ಯ. ಆದ್ರೆ ಆಯಮ್ಮನಿಗೆ ಕೇಳಿಸಿದ್ದು ಬೇರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ತಿದ್ದಲಿಲ್ಲ. ಅಷ್ಟೇ ಅಲ್ಲ. ನನ್ನ ಫೋನಿನ ಪರದೆ ಮೇಲೆ ಬಾಬಾಸಾಹೇಬರ ಫೋಟೋ ಇದೆ. ಆ ಫೋನನ್ನ ಮೆಲ್ಲಗೆ ಬೋರಲು ಹಾಕಿದೆ.

ಇಪ್ಪತ್ತು ವರ್ಷದಿಂದ ವೇದಿಕೆ ಮೇಲೆ ಜೈ ಭೀಮ್ ಕೂಗಿದ ಹೆಂಗಸು ನಾನು. ಒಂದು ಸೌಟು ಬಿಸಿಬೇಳೆಬಾತಿಗೆ ಅವರ ಮುಖ ಕೆಳಗೆ ಮಾಡಿ ಕೂತೆ.

ರಾತ್ರಿ ನಿದ್ದೆ ಬರಲಿಲ್ಲ. 'ವೇಟಿಂಗ್ ಫಾರ್ ಎ ವೀಸಾ' ನೆನಪಾಯ್ತು. ನ್ಯೂಯಾರ್ಕ್, ಲಂಡನ್ನಿನಲ್ಲಿ ಓದೋವಾಗ ತಾನು ಅಸ್ಪೃಶ್ಯ ಅನ್ನೋದೇ ಬಾಬಾಸಾಹೇಬರಿಗೆ ಮರೆತುಹೋಗಿತ್ತು. 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದಾಗ ತಂಗೋಕೆ ಜಾಗ ಸಿಗದೆ, ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ಛತ್ರದಲ್ಲಿ ಇರಬೇಕಾಯ್ತು. ಹನ್ನೊಂದನೇ ದಿನ ಕೋಲು ಹಿಡಿದ ಗುಂಪು ಬಂದು ಖಾಲಿ ಮಾಡಿಸ್ತು. ಅವರು ಹೆಸರು ಮುಚ್ಚಿಟ್ಟಿದ್ದು ತಲೆ ಮೇಲೆ ಸೂರಿಲ್ಲದೆ. ನನಗೆ ಹೋಟೆಲ್ ರೂಮಿತ್ತು, ವಾಪಸ್ ಟಿಕೆಟ್ ಇತ್ತು, ಯಾರ ಕೈಯಲ್ಲೂ ಕೋಲಿರಲಿಲ್ಲ. ಆದ್ರೂ ಮುಚ್ಚಿಟ್ಟೆ. ಐರಿಷ್ ಟೀಚರಮ್ಮನ ಮುಂದೆ ಹೇಳೋದು ಸುಲಭ, ಅಲ್ಲಿ ಕಳ್ಕೊಳ್ಳೋದು ಏನೂ ಇಲ್ಲ. ನಮ್ಮ ಭಾಷೆಯೋರ ಮುಂದೆ ಆ ಅಪ್ಪುಗೆ ಕಳ್ಕೋತೀವಿ. ಭಯ ಅದರದ್ದು.

ಆರನೇ ದಿನ ಜೆಬೆಲ್ ಅಲಿಯ ಗುರುದ್ವಾರಕ್ಕೆ ಹೋದೆ. ಯಾರು ಬೇಕಾದ್ರೂ ಹೋಗಬಹುದು, ತಲೆಗೆ ಬಟ್ಟೆ ಕಟ್ಟಿದ್ರೆ ಆಯ್ತು. ಲಂಗರ್‌ನಲ್ಲಿ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತು ರೊಟ್ಟಿ ದಾಲ್ ತಿಂದ್ವಿ. ಆಮೇಲೆ ತಟ್ಟೆ ತೊಳೆಯೋಕೆ ನಿಂತೆ. ಪಕ್ಕದಲ್ಲಿದ್ದ ಜಲಂಧರ್ ಕಡೆಯ ಹೆಣ್ಣುಮಗಳು ಬ್ಯೂಟಿ ಪಾರ್ಲರಲ್ಲಿ ಕೆಲಸ ಮಾಡ್ತಾಳಂತೆ. ಅವಳು ನನ್ನನ್ನ ಏನೂ ಕೇಳಲಿಲ್ಲ. ತಾನೇ ಹೇಳಿದ್ಲು, "ನಾವು ರವಿದಾಸಿಯಾ. ಊರಲ್ಲಿ ನಮ್ಮ ಗುರುದ್ವಾರವೇ ಬೇರೆ." ಹೊಗಳಿಕೊಳ್ಳೋ ದನಿಯಲ್ಲ, ದೂರೋ ದನಿಯೂ ಅಲ್ಲ. ಊಟ ಆಯ್ತಾ ಅಂತ ಕೇಳಿದ ಹಾಗೆ. ಸೋಪಿನ ಕೈಯನ್ನ ಚೂಡಿದಾರಕ್ಕೆ ಒರೆಸಿಕೊಂಡು ಫೋನ್ ತೆಗೆದು ಪರದೆ ತೋರಿಸಿದೆ. ನಕ್ಕು "ಜೈ ಭೀಮ್ ದೀದಿ" ಅಂದ್ಲು.

ಹಾಗಾಗಿ ತಂಗಿಯರೇ, ಜನ ಸಿಗೋ ಜಾಗ ಬೇಕಾದಷ್ಟಿವೆ. ಬುರ್ ದುಬೈನಿಂದ ದೇರಾಕ್ಕೆ ದಾಟೋ ಅಬ್ರಾ ದೋಣಿಗೆ ಒಂದೇ ದಿರ್ಹಮ್, ಅಲ್ಲಿ ಅರ್ಧ ಏಷ್ಯಾ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುತ್ತೆ. ಮೆಟ್ರೋದ ಹೆಂಗಸರ ಬೋಗಿಯಲ್ಲಿ ಫಿಲಿಪೈನ್ಸಿನ ಹುಡುಗಿಯರು ತಾವಾಗೇ ಮಾತಾಡಿಸ್ತಾರೆ. ಕರಾಮದ ಮಲಯಾಳಿ ಹೋಟೆಲುಗಳಲ್ಲಿ ಟೇಬಲ್ ಹಂಚ್ಕೊಂಡೇ ಕೂರಬೇಕು. ಭಾನುವಾರ ರಜೆ ಇರೋರು ಜಾಸ್ತಿ, ಅವತ್ತು ಪಾರ್ಕಿಗೆ ಹೋಗಿ. ಕನ್ನಡಿಗರ ಮನೆಗೂ ಹೋಗಿ, ಹೋಗಬೇಡಿ ಅನ್ನಲ್ಲ. ಫೋನ್ ಮಾತ್ರ ಬೋರಲು ಹಾಕಬೇಡಿ.

ಕೊನೇ ಮಾತು. ಹೋದ ವಾರ ಆ ಹಿರಿಯ ಹೆಂಗಸು ವಾಟ್ಸಾಪಲ್ಲಿ ಬರೆದ್ರು, "ಶಿವರಾತ್ರಿಗೆ ಬೆಟ್ಟಕ್ಕೆ ಬರ್ತಿದೀವಮ್ಮ, ಹಂಗೇ ನಿಮ್ಮನೆಗೂ ಬಂದು ಹೋಗ್ತೀವಿ, ವಿಳಾಸ ಕಳಿಸಿ." ಒಂದು ದಿನ ಯೋಚ್ನೆ ಮಾಡಿ ಬೀದಿ ಹೆಸರಿನ ಸಮೇತ ಪೂರ್ತಿ ವಿಳಾಸ ಕಳಿಸಿದೆ. ಅಂಬೇಡ್ಕರ್ ಬೀದಿ. ಕೆಳಗೆ ಇಷ್ಟು ಬರೆದೆ: "ಅಮ್ಮ, ಅವತ್ತು ನೀವು ನಮ್ಮೋರೇ ಅಂದ್ರಿ, ನಾನು ಸುಮ್ಮನಿದ್ದೆ. ತಪ್ಪಾಯ್ತು. ನಾವು ಹೊಲೇರು. ಮಾದಪ್ಪ ನಮಗೂ ಮನೆದೇವ್ರೇ. ಬನ್ನಿ, ಊಟ ಮಾಡ್ಕೊಂಡೇ ಹೋಗ್ಬೇಕು."

ಎರಡು ನೀಲಿ ಗೆರೆ ಬಿದ್ದಿವೆ. ಉತ್ತರ ಇನ್ನೂ ಬಂದಿಲ್ಲ. ಶಿವರಾತ್ರಿಗೆ ಇನ್ನೂ ದಿನ ಇದೆ. ಅಕ್ಕಿ ಬೇಳೆ ಅಂತೂ ತಂದಿಟ್ಟಿದೀನಿ.

ಜೈ ಭೀಮ್.