ಕಣ್ಣಿದ್ದೂ ಕಾಣದ್ದು

ಅಂಗೈಯಲ್ಲಿದ್ದ ನಾಣ್ಯ ಮಾಯವಾಗುವ ಆಟವನ್ನು ನೀವು ನೋಡಿರಬಹುದು. ಅದರಲ್ಲಿ ಮಾಟ-ಮಂತ್ರವೇನೂ ಇಲ್ಲ. ತರಗತಿಯ ಮಕ್ಕಳಿಗಾಗಿ ನಾನೂ ಅದನ್ನು ಕಲಿತೆ.

ನಾಣ್ಯವನ್ನು ಎಡಗೈಗೆ ಹಾಕಿದಂತೆ ತೋರಿಸಿ ಬಲಗೈಯಲ್ಲೇ ಉಳಿಸಿಕೊಳ್ಳಬೇಕು. ಬೆರಳುಗಳು ಬೇಗ ಪಳಗಿದವು. ಕಣ್ಣು ಪಳಗಲು ತಿಂಗಳುಗಳೇ ಬೇಕಾದವು. ಖಾಲಿ ಎಡಗೈಯನ್ನು ನಾಣ್ಯ ಅಲ್ಲೇ ಇದೆಯೆಂಬಂತೆ ನಾನೇ ನೋಡಬೇಕಿತ್ತು. ಇಶಾ ನಮಾಝಿನ ನಂತರ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೆ. ನಾವು ನೋಡಿದತ್ತ ಎದುರಿನವರೂ ನೋಡುತ್ತಾರೆ. ಪ್ರಶ್ನೆ ಕೇಳಿದರೆ ನಮ್ಮ ಮುಖ ನೋಡುತ್ತಾರೆ. ಆ ಒಂದು ಕ್ಷಣ ಸಾಕು.

1999ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸೈಮನ್ಸ್ ಮತ್ತು ಚಾಬ್ರಿಸ್ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ವೀಡಿಯೊದಲ್ಲಿ ಆಟಗಾರರು ಚೆಂಡನ್ನು ಎಷ್ಟು ಬಾರಿ ಒಬ್ಬರಿಗೊಬ್ಬರು ಎಸೆದರೆಂದು ಎಣಿಸಬೇಕಿತ್ತು. ನಡುವೆ ಗೊರಿಲ್ಲಾ ವೇಷಧಾರಿಯೊಬ್ಬರು ನಡೆದುಹೋದರೂ ಸುಮಾರು ಅರ್ಧದಷ್ಟು ಜನರಿಗೆ ಅದು ಕಾಣಲೇ ಇಲ್ಲ!

ಆಭರಣಕ್ಕೆ ಪಾಲಿಶ್ ಮಾಡಿಕೊಡುತ್ತೇವೆಂದು ಮನೆಬಾಗಿಲಿಗೆ ಬರುವ ವಂಚಕರ ಉಪಾಯವೂ ಇದೇ. ಒಬ್ಬ ಮಾತಿಗೆಳೆಯುತ್ತಾನೆ, ಇನ್ನೊಬ್ಬ ಕುಡಿಯಲು ನೀರು ಕೇಳುತ್ತಾನೆ. ನಮ್ಮ ಬೀದಿಯ ವೃದ್ಧೆಯೊಬ್ಬರು ಮೊಮ್ಮಗಳ ಮದುವೆಗೆಂದು ಇಟ್ಟಿದ್ದ ಬಳೆಯನ್ನು ಹೀಗೆಯೇ ಕಳೆದುಕೊಂಡರು. ಮನೆಯವರು ಅವರನ್ನು ದಡ್ಡಿಯೆಂದು ಜರೆದರು. ಅವರು ಊಟ ಬಿಟ್ಟು ಕೂತರು. ನಾನು ಹೋಗಿ ಆ ಮನೆಯವರ ಮುಂದೆಯೇ ನಾಣ್ಯದ ಆಟ ತೋರಿಸಿದೆ. ಓದಿದ ಮಗನೂ ಮೋಸಹೋದ. ಆಮೇಲೆ ಯಾರೂ ಮಾತನಾಡಲಿಲ್ಲ.

ನೀವೂ ಈ ಆಟವನ್ನು ಮಕ್ಕಳಿಗೆ ತೋರಿಸಿ, ಕೊನೆಗೆ ಗುಟ್ಟನ್ನೂ ಹೇಳಿಕೊಡಿ. ಅಪರಿಚಿತರು "ಅಲ್ಲಿ ನೋಡಿ" ಎಂದಾಗ ಮೊದಲು ತಮ್ಮ ಕೈಯಲ್ಲಿರುವುದನ್ನು ನೋಡಿಕೊಳ್ಳಲು ಅವರು ಕಲಿಯಲಿ.