ಜಾತ್ರೆಯ ಬಯಲಿನಲ್ಲಿ ಮೂರು ರಾತ್ರಿ

ಅಮೆರಿಕೆಗೆ ಹೋಗಿಬಂದವರು ನಮ್ಮ ಸಂಘದಲ್ಲಿ ಈಗ ಮನೆಗೊಬ್ಬರು ಇದ್ದಾರೆ. ನಯಾಗರ, ನ್ಯೂಯಾರ್ಕುಗಳ ವರ್ಣನೆ ಕೇಳಿ ಕೇಳಿ ವಾಚಕರಿಗೆ ಸಾಕಾಗಿರಬೇಕು. ಆದ್ದರಿಂದ ನಾನು ಹೇಳಹೊರಟಿರುವುದು ಬೇರೊಂದು ಸಂಗತಿ: ಇಲಿನಾಯ್ ರಾಜ್ಯದ ರಾಜಧಾನಿಯಾದ ಸ್ಪ್ರಿಂಗ್‌ಫೀಲ್ಡಿನಲ್ಲಿ, ಜಾತ್ರೆ ಇಲ್ಲದ ಜಾತ್ರೆಯ ಬಯಲಿನಲ್ಲಿ, ಗಾಲಿಯ ಮೇಲಿನ ಮನೆಯೊಂದರಲ್ಲಿ ನಾವು ಕಳೆದ ಮೂರು ರಾತ್ರಿ.

ಗಾಲಿಯ ಮೇಲಿನ ಮನೆಯನ್ನು ಅಲ್ಲಿಯವರು ಆರ್.ವಿ. ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ನಮ್ಮ ಎಸ್.ಟಿ. ಬಸ್ಸಿನ ತಮ್ಮನಂತೆ; ಒಳಗೆ ಒಲೆ, ಫ್ರಿಜ್ಜು, ಐವರಿಗೆ ಹಾಸಿಗೆ, ಸ್ನಾನಕ್ಕೆ ಒಂದು ಗೂಡು, ಪಾಯಖಾನೆ. ಚಿಕಾಗೋ ಬಳಿಯ ಮಗಳ ಮನೆಯಿಂದ ಸ್ಪ್ರಿಂಗ್‌ಫೀಲ್ಡಿಗೆ ಸುಮಾರು 200 ಮೈಲಿ. ಅಳಿಯಂದಿರು ಗಾಡಿಯನ್ನು ಬಾಡಿಗೆಗೆ ತಂದು ತಾವೇ ನಡೆಸಿದರು. ತಂಗುವ ಸ್ಥಳ ಸೇರಿದ ಮೇಲೆ ಅಲ್ಲಿಯ ಕಂಬಕ್ಕೆ ಒಂದು ದಪ್ಪ ತಂತಿ ಸಿಕ್ಕಿಸಿದರೆ ವಿದ್ಯುತ್ತು, ನಲ್ಲಿಗೆ ಒಂದು ಕೊಳವೆ ಜೋಡಿಸಿದರೆ ನೀರು. ಬಳಸಿದ ನೀರು ಗಾಡಿಯ ಹೊಟ್ಟೆಯಲ್ಲಿಯೇ ಎರಡು ತೊಟ್ಟಿಗಳಲ್ಲಿ ನಿಲ್ಲುತ್ತದೆ, ಪಾತ್ರೆ ತೊಳೆದದ್ದು ಒಂದರಲ್ಲಿ, ಪಾಯಖಾನೆಯದು ಇನ್ನೊಂದರಲ್ಲಿ. ಹೊರಡುವ ದಿನ ಅದನ್ನು ನೆಲದೊಳಗಿನ ಚರಂಡಿಗೆ ಬಿಡಬೇಕು. ಆ ಕೆಲಸಕ್ಕೆ ಯಾವ ಆಳೂ ಬರುವುದಿಲ್ಲ. ಅಳಿಯಂದಿರು ಕೈಗವಸು ತೊಟ್ಟು ಆ ಕೊಳವೆ ಹಿಡಿದಾಗ ನಮ್ಮ ಯಜಮಾನರು ಸಂಕೋಚದಿಂದ ಆಚೆ ಮುಖ ಮಾಡಿ ನಿಂತರು. ಅಳಿಯನ ಪಾದ ತೊಳೆದು ಮಗಳನ್ನು ಕೊಟ್ಟವರಿಗೆ ಆ ನೋಟ ಕಷ್ಟವೇ!

ಬಯಲು ಮಾತ್ರ ವಿಶಾಲ. ಇಲಿನಾಯ್ ರಾಜ್ಯದ ಜಾತ್ರೆ ಮೊದಲು ನಡೆದದ್ದು 1853ರಲ್ಲಿ, ಇದೇ ಊರಿನಲ್ಲಿ. ಆಮೇಲೆ ಹಲವು ಊರು ತಿರುಗಿ 1894ರಿಂದ ಇಲ್ಲಿಯೇ ನೆಲೆನಿಂತಿತು. ಆಗಸ್ಟ್ ತಿಂಗಳಲ್ಲಿ ದನಕರು, ಮೆಕ್ಕೆಜೋಳ, ಕುದುರೆ ಜೂಜು, ಹಾಡು ಕುಣಿತ ಎಲ್ಲ ಇರುತ್ತದಂತೆ. ಬರಿಯ ಬೆಣ್ಣೆಯಿಂದ ಒಂದು ಆಕಳನ್ನು ಕಡೆದು ಗಾಜಿನ ಶೀತಪೆಟ್ಟಿಗೆಯಲ್ಲಿಡುವ ಪದ್ಧತಿ ಸುಮಾರು ನೂರು ವರ್ಷದಿಂದ ನಡೆದುಬಂದಿದೆ. ದನಗಳ ಜೊತೆಗೆ ಬರುವ ಒಕ್ಕಲು ಕುಟುಂಬಗಳು ತಂಗಬೇಕಲ್ಲ. ಅದಕ್ಕಾಗಿ ನೀರು ವಿದ್ಯುತ್ತುಗಳ ಏರ್ಪಾಡು ಬೇಕೇ ಬೇಕು. ಜಾತ್ರೆ ಮುಗಿದ ಮೇಲೆ ಅದು ವ್ಯರ್ಥವಾಗಬಾರದೆಂದು ದಾರಿಹೋಕರಿಗೆ ಬಾಡಿಗೆಗೆ ಕೊಡುತ್ತಾರೆ. ಅಮೆರಿಕೆಯ ಎಷ್ಟೋ ಜಿಲ್ಲೆಗಳಲ್ಲಿ ಈ ಪದ್ಧತಿಯುಂಟು. ಬಾದಾಮಿಯ ಬನಶಂಕರಿ ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗಿ, ಬಂಡಿಯ ಕೆಳಗೇ ಮಲಗಿ, ಮೂರು ಕಲ್ಲಿಟ್ಟು ಅನ್ನ ಬೇಯಿಸಿದವರ ಮಗಳು ನಾನು. ನನಗೆ ಈ ಏರ್ಪಾಡು ಹೊಸದೆನಿಸಲಿಲ್ಲ. ನೆರೆಯ ಗಾಡಿಯ ಮುದುಕಿ ನನ್ನ ಒಗ್ಗರಣೆಯ ವಾಸನೆಗೆ ಬಾಗಿಲಿಗೆ ಬಂದಳು. ಗೊಜ್ಜವಲಕ್ಕಿ ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದಿಷ್ಟು ಹಾಕಿಸಿಕೊಂಡಳು.

ಇಲ್ಲಿಂದ ಊರಿನ ನಡುಭಾಗ ಎರಡು ಮೂರು ಮೈಲಿ. ಅಬ್ರಹಾಂ ಲಿಂಕನ್ನನ ಸಮಾಧಿ ಇನ್ನೂ ಹತ್ತಿರ. 117 ಅಡಿ ಎತ್ತರದ ಕಲ್ಲಿನ ಸ್ತಂಭ. ಒಳಗೆ ಲಿಂಕನ್, ಹೆಂಡತಿ ಮೇರಿ, ನಾಲ್ವರು ಮಕ್ಕಳಲ್ಲಿ ಮೂವರು. 1876ರಲ್ಲಿ ಕಳ್ಳರು ಶವವನ್ನೇ ಕದಿಯಲು ಬಂದಿದ್ದರಿಂದ, 1901ರಲ್ಲಿ ಪೆಟ್ಟಿಗೆಯನ್ನು ಹತ್ತಡಿ ಆಳದಲ್ಲಿಟ್ಟು ಕಾಂಕ್ರೀಟು ಸುರಿದರು. ಹೊರಗಿರುವ ಕಂಚಿನ ತಲೆಯ ಮೂಗನ್ನು ಮುಟ್ಟಿದರೆ ಒಳಿತಾಗುತ್ತದೆಂದು ಬಂದವರೆಲ್ಲ ಸವರಿ ಸವರಿ, ಮೂಗೊಂದೇ ಚಿನ್ನದಂತೆ ಹೊಳೆಯುತ್ತದೆ. ಮೊಮ್ಮಗಳನ್ನು ಎತ್ತಿ ಹಿಡಿದು ನಾವೂ ಮುಟ್ಟಿಸಿದೆವು. ಮನುಷ್ಯರು ಎಲ್ಲೆಡೆಯೂ ಒಂದೇ.

ಆದರೆ ನನ್ನ ಮನಸ್ಸು ನಿಂತದ್ದು ಸಮಾಧಿಯಲ್ಲಲ್ಲ, ಎಂಟನೆಯ ಬೀದಿಯ ಮನೆಯಲ್ಲಿ. ಲಿಂಕನ್ ಆ ಊರಿನವನಲ್ಲ. ಕೆಂಟಕಿಯಲ್ಲಿ ಹುಟ್ಟಿ, ಇಂಡಿಯಾನಾದಲ್ಲಿ ಬೆಳೆದು, 21ನೆಯ ವಯಸ್ಸಿನಲ್ಲಿ ಇಲಿನಾಯ್ ಸೇರಿ, ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ಅಂಗಡಿ, ಅಂಚೆ, ಭೂಮಾಪನ ಎಲ್ಲ ಮಾಡಿ ನೋಡಿ, 1837ರಲ್ಲಿ ಹೊಟ್ಟೆಪಾಡಿಗೆ ವಕೀಲಿ ಮಾಡಲು ಬಂದವನು. ಹೊಟ್ಟೆಪಾಡಿಗೆ ಊರು ಬಿಟ್ಟ ನಮ್ಮಂಥವರಿಗೆ ಅವನು ನೆಂಟನೇ ಸರಿ. 1844ರಲ್ಲಿ ಮನೆ ಕೊಂಡ. ಆಗ ಒಂದೂವರೆ ಅಂತಸ್ತಿನದು. 1856ರಲ್ಲಿ ಪೂರ್ತಿ ಎರಡು ಅಂತಸ್ತು ಮಾಡಿಸಿದರು. ಮೂವರು ಮಕ್ಕಳು ಅಲ್ಲಿ ಹುಟ್ಟಿದರು, ಅವರಲ್ಲೊಬ್ಬ ಮೂರು ವರ್ಷದವನು ಅಲ್ಲಿಯೇ ತೀರಿಕೊಂಡ. 1861ರಲ್ಲಿ ಅಧ್ಯಕ್ಷನಾಗಿ ವಾಷಿಂಗ್‌ಟನ್ನಿಗೆ ಹೊರಟಾಗ ಮನೆಯನ್ನು ಮಾರಲಿಲ್ಲ, ರೈಲ್ವೆ ಕಂಪನಿಯ ಅಧ್ಯಕ್ಷನೊಬ್ಬನಿಗೆ ಬಾಡಿಗೆಗೆ ಕೊಟ್ಟ. ಕೆಲವು ಸಾಮಾನು ಮಾರಿದರು. ಫೈಡೊ ಎಂಬ ನಾಯಿಯನ್ನು ಪರಿಚಯದ ಕುಟುಂಬವೊಂದಕ್ಕೆ ಒಪ್ಪಿಸಿದರು. ವಕೀಲಿಯ ಪಾಲುದಾರ ಹರ್ನ್‌ಡನ್ನನಿಗೆ, ಕಚೇರಿಯ ಫಲಕ ತೆಗೆಯಬೇಡ, ಬದುಕಿದ್ದರೆ ಮರಳಿ ಬಂದು ಕೂಡಿ ಕೆಲಸ ಮಾಡೋಣ ಎಂದು ಹೇಳಿದನಂತೆ. ಮರಳಿದ್ದು 1865ರ ಮೇ ತಿಂಗಳಲ್ಲಿ, ಶವವಾಗಿ.

ಈ ಕಥೆಯನ್ನು ಮಾರ್ಗದರ್ಶಿ ಹೇಳುತ್ತಿರುವಾಗ ಯಜಮಾನರು ಅಡಿಗೆಮನೆಯ ಬಾಗಿಲಲ್ಲಿ ನಿಂತವರು ಅಲ್ಲಾಡಲಿಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮಾವನವರು ಕಟ್ಟಿಸಿದ ಮನೆಯಿದೆ. ನಲವತ್ತು ವರ್ಷದಿಂದ ಬಾಡಿಗೆಯವರಿದ್ದಾರೆ, ಗೇಟಿನಲ್ಲಿ ಮಾವನವರ ಹೆಸರಿದೆ. ಕೊಳ್ಳುವವರು ಬಂದು ಆ ತಿಂಗಳ ಕೊನೆಯೊಳಗೆ ಉತ್ತರ ಬೇಕೆಂದಿದ್ದರು. ಮಕ್ಕಳಿಬ್ಬರೂ ಮಾರಿಬಿಡಿ ಎಂದವರೇ. ಅವರ ಮಾತಿನಲ್ಲಿ ಲೆಕ್ಕ ತಪ್ಪಿರಲಿಲ್ಲ; ಡೊಂಬಿವಲಿಯಲ್ಲಿ ಕೂತು ಧಾರವಾಡದ ಹೆಂಚು ಎಷ್ಟು ದಿನ ತೇಪೆ ಹಾಕಿಸುವುದು? ಆ ರಾತ್ರಿ ಇಲ್ಲಿ ಹತ್ತು ಗಂಟೆ, ಅಲ್ಲಿ ಮುಂಜಾನೆ ಎಂಟೂವರೆ. ಯಜಮಾನರು ಗಾಡಿಯಿಂದ ಇಳಿದು ಕತ್ತಲಲ್ಲಿ ಅಡ್ಡಾಡುತ್ತ ಫೋನಿನಲ್ಲಿ ತಮ್ಮನಿಗೆ, "ಅವಸರ ಮಾಡಬ್ಯಾಡ, ನಾವು ಬಂದ ಮ್ಯಾಲೆ ಮಾತಾಡೂಣು. ಅವರಿಗೆ ಬ್ಯಾರೆ ಮನಿ ಸಿಕ್ಕರ ತಗೊಳ್ಳಲಿ" ಎನ್ನುವುದು ಕೇಳಿಸಿತು. ಮಗಳು ನನ್ನ ಮುಖ ನೋಡಿದಳು. ನಾನು ಹಾಲಿಗೆ ಹೆಪ್ಪು ಹಾಕುತ್ತಿದ್ದೆ.

ಮಾರನೆಯ ದಿನ ಹಳೆಯ ಶಾಸನಸಭೆಯ ಕಟ್ಟಡ, ಲಿಂಕನ್ನನ ಗ್ರಂಥಾಲಯ, ವಸ್ತುಸಂಗ್ರಹಾಲಯ ಎಲ್ಲ ನೋಡಿದೆವು. ಮನೆಯೊಂದು ಎರಡಾಗಿ ಒಡೆದರೆ ನಿಲ್ಲದೆಂದು ಲಿಂಕನ್ 1858ರಲ್ಲಿ ಭಾಷಣ ಮಾಡಿದ್ದು ಆ ಶಾಸನಸಭೆಯಲ್ಲಿ. ಇವುಗಳ ವಿವರ ಎಲ್ಲ ಪುಸ್ತಕಗಳಲ್ಲೂ ಸಿಕ್ಕೀತು.

ಪುಸ್ತಕಗಳಲ್ಲಿ ಬಹುಕಾಲ ಸಿಗದಿದ್ದುದು ಇನ್ನೊಂದು ಸ್ಥಳ. 1908ರ ಆಗಸ್ಟ್ 14ರಂದು, ಕಪ್ಪು ಜನಾಂಗದವನೊಬ್ಬನ ಮೇಲೆ ಬಿಳಿಯ ಹೆಂಗಸೊಬ್ಬಳು ಮಾಡಿದ ಆರೋಪ ಊರೆಲ್ಲ ಹಬ್ಬಿತು. ಆ ಮನುಷ್ಯನಲ್ಲವೆಂದು ಮುಂದೆ ಆಕೆಯೇ ಒಪ್ಪಿಕೊಂಡಳು. ಆದರೆ ಅಂದು ಸೆರೆಮನೆಯ ಮುಂದೆ ಸಾವಿರಾರು ಜನ ನೆರೆದರು. ಸೆರೆಯಾಳುಗಳನ್ನು ಗುಟ್ಟಾಗಿ ಬೇರೆ ಊರಿಗೆ ಸಾಗಿಸಿದ್ದು ತಿಳಿದೊಡನೆ ಕಪ್ಪು ಜನರ ಕೇರಿಗಳ ಮೇಲೆ ಬಿದ್ದು ಅಂಗಡಿ ಮುರಿದರು, ಮನೆ ಸುಟ್ಟರು. ಇಬ್ಬರನ್ನು ಹಿಂಸಿಸಿ ಕೊಂದರು. ಅವರಲ್ಲೊಬ್ಬ ಜೋಡು ಹೊಲೆದು ಬಾಳಿದ ಮುದುಕ. ಲಿಂಕನ್ನನ ಮನೆಯಿಂದ ಇವೆಲ್ಲ ನಡೆದು ಹೋಗುವಷ್ಟು ದೂರ! ಆ ನಾಚಿಕೆಯಿಂದಲೇ 1909ರಲ್ಲಿ ಎನ್.ಎ.ಎ.ಸಿ.ಪಿ. ಎಂಬ ಹಕ್ಕುಗಳ ಸಂಸ್ಥೆ ಹುಟ್ಟಿತು. 2014ರಲ್ಲಿ ರೈಲುದಾರಿಯ ಕೆಲಸಕ್ಕೆಂದು ನೆಲ ಪರೀಕ್ಷಿಸಿದಾಗ ಸುಟ್ಟ ಮನೆಗಳ ಅಡಿಪಾಯ ಸಿಕ್ಕವು. 2024ರ ಆಗಸ್ಟಿನಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು.

ಮಗುವನ್ನು ಅಲ್ಲಿಗೆ ಕರೆದೊಯ್ಯುವುದು ಬೇಡವೆಂದು ಮಗಳು ಅಂದಳು. ನಾನು ಕರೆದೊಯ್ಯೋಣವೆಂದೆ. 1992-93ರ ಮುಂಬಯಿಯಲ್ಲಿ ಕಟ್ಟಡದ ಮೆಟ್ಟಿಲಲ್ಲಿ ರಾತ್ರಿ ಪಹರೆ ಕೂತ ಮನೆತನ ನಮ್ಮದು. ಗಾಳಿಮಾತು ಬೆಂಕಿಯಾಗುವುದನ್ನು ನಾವು ಮಾಳಿಗೆಯಿಂದ ಕಂಡಿದ್ದೇವೆ. ಪರನಾಡಿನಲ್ಲಿ ಬೇರೆ ಬಣ್ಣದವಳಾಗಿ ಬೆಳೆಯುವ ಹುಡುಗಿಗೆ ಹೊಳೆಯುವ ಮೂಗು ಮಾತ್ರ ತೋರಿಸಿದರೆ ಸಾಲದು. ಏಳು ವರ್ಷದವಳು, ಸುಮ್ಮನೆ ಎಲ್ಲ ಕೇಳಿ, "ಅಜ್ಜೀ, ಆ ಮನೆಯವರೆಲ್ಲ ಆಮೇಲೆ ಎಲ್ಲಿಗೆ ಹೋದರು?" ಎಂದಳು. ಕೆಲವರು ಊರು ಬಿಟ್ಟರು, ಎಷ್ಟೋ ಜನ ಅಲ್ಲಿಯೇ ಮತ್ತೆ ಕಟ್ಟಿಕೊಂಡರು ಎಂದೆ.

ಹೋಗಬೇಕೆನ್ನುವವರಿಗೆ ಎರಡು ಮಾತು. ಆಗಸ್ಟಿನಲ್ಲಿ ಜಾತ್ರೆಯವರೇ ಬಯಲನ್ನು ತುಂಬಿಕೊಳ್ಳುವುದರಿಂದ ಜೂನ್ ತಿಂಗಳು ಲೇಸು. ಜಾಗ ಉಂಟೇ ಎಂದು ಮೊದಲೇ ವಿಚಾರಿಸಬೇಕು. ಲಿಂಕನ್ನನ ಮನೆಗೆ ಶುಲ್ಕವಿಲ್ಲ: 1887ರಲ್ಲಿ ಹಿರಿಯ ಮಗ ರಾಬರ್ಟ್ ಅದನ್ನು ರಾಜ್ಯಕ್ಕೆ ದಾನ ಕೊಟ್ಟಾಗ, ಮನೆಯನ್ನು ಸುಸ್ಥಿತಿಯಲ್ಲಿಡಬೇಕು, ನೋಡಬಂದವರಿಂದ ಕಾಸು ಪಡೆಯಬಾರದು ಎಂದು ಷರತ್ತು ಹಾಕಿದ್ದ. ಒಗ್ಗರಣೆಗೆ ಸಾಸಿವೆ, ಇಂಗು, ಕರಿಬೇವು ಮನೆಯಿಂದಲೇ ಒಯ್ಯಿರಿ.