ಎವೆಗೆ ನೀರು ಸೋಕಬಾರದೇ?

ಕುಮಾರಟುಲಿಯಲ್ಲಿ ದುರ್ಗೆಗೆ ಕಣ್ಣು ಬರೆಯುವ ಮಹಾಲಯದ ಹೊತ್ತಿಗೆ, ಗರಿಯಾಹಾಟಿನ ಬ್ಯೂಟಿ ಪಾರ್ಲರ್‌ಗಳಲ್ಲಿ ಹುಡುಗಿಯರ ಎವೆಗಳೂ ಉದ್ದವಾಗುತ್ತವೆ. ನಮ್ಮ ನೆರೆಮನೆಯ ಕಾಲೇಜು ಹುಡುಗಿ ಕಳೆದ ಪೂಜೆಗೆ ಕೃತಕ ಎವೆಗಳನ್ನು ಅಂಟಿಸಿಕೊಂಡು ಬಂದಳು. ಮಗಳ ಸ್ವಂತ ಎವೆಗಳು ಉದುರಿ ಮತ್ತೆ ಹುಟ್ಟಲಾರವೆಂದು ತಾಯಿಗೆ ಭಯ. ಅಂಟು ಹಚ್ಚುವುದು ಚರ್ಮಕ್ಕಲ್ಲ, ಒಂದೊಂದೇ ಎವೆಗೆ. ಸಹಜ ಎವೆ ತನ್ನ ಕಾಲ ಮುಗಿದಾಗ ಕೃತಕವನ್ನೂ ಹೊತ್ತು ಉದುರುತ್ತದೆ, ಬುಡದಲ್ಲಿ ಹೊಸದು ಮೂಡುತ್ತದೆ. ಭಾರ ಹೆಚ್ಚಾದರೆ, ಕಿತ್ತೆಳೆದರೆ ಬೇರಿಗೇ ಕುತ್ತು, ನಿಜ.

ನನಗೆ ಹೆಚ್ಚು ಅಪಾಯಕರವೆನಿಸಿದ್ದು ಮಗಳ ನಂಬಿಕೆ. “ನೀರು ಸೋಕಿಸಲೇಬಾರದಂತೆ, ಕಾಕಿಮಾ” ಎಂದವಳು, ಮೊದಲ ಒಂದೆರಡು ದಿನದ ಎಚ್ಚರಿಕೆಯನ್ನು ವಾರವಿಡೀ ವ್ರತದಂತೆ ಪಾಲಿಸಿದಳು. ಆ ಅಂಟು ಫೆವಿಕ್ವಿಕ್‌ನ ಬಳಗದ ಸಯನೊಆಕ್ರಿಲೇಟ್. ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಕೋಲ್ಕತ್ತದಲ್ಲಿ ಅದಕ್ಕೇನು ಬರವೇ! ತೊಳೆಯದ ಎವೆಗಳ ಬುಡದಲ್ಲಿ ಜಿಡ್ಡು, ಧೂಳು ಕುಳಿತು ಷಷ್ಠಿಯ ದಿನ ರೆಪ್ಪೆಯಂಚು ಕೆಂಪಾಗಿ ಊದಿತು. ತಾಯಿ ಬೈದಾಳೆಂದು ನನ್ನ ಬಳಿಗೆ ಬಂದಳು. ಕಿತ್ತುಹಾಕಲು ಹೊರಟಿದ್ದ ಕೈ ಹಿಡಿದು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆ. ಅವರು ಎವೆಗಳನ್ನು ತೆಗೆಸಿ, ಬಿಸಿನೀರ ಬಟ್ಟೆಯ ಶಾಖ ಕೊಟ್ಟು ನಿತ್ಯವೂ ರೆಪ್ಪೆ ತೊಳೆಯಲು ಹೇಳಿದರು. ಅಷ್ಟಮಿಯ ಅಂಜಲಿಗೆ ಅವಳು ಕನ್ನಡಕ ಧರಿಸಿ, ತಾಯಿಯ ಪಕ್ಕದಲ್ಲಿಯೇ ನಿಂತಿದ್ದಳು.